ಓದುಗರ ಸ್ಪಂದನ: ಅಮ್ಮ ಹೊಸ್ತಿಲು ದಾಟುತ್ತಿಲ್ಲ

ಸಮಸ್ಯೆ: ಹಳ್ಳಿಯಲ್ಲಿ ಒಬ್ಬರೇ ಇರುವ ಅಮ್ಮನಿಗೆ 71 ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಈಗ ಮದುವೆಗೂ ಹೋಗುವುದಿಲ್ಲ, ಪಕ್ಕದ ಮನೆಗೂ ಹೋಗುವುದಿಲ್ಲ. ನನ್ನ ಜೊತೆ ನಗರಕ್ಕೆ ಬಾ ಎಂದರೆ ಒಪ್ಪುವುದಿಲ್ಲ. ಮಗಳಾಗಿ ಬಲವಂತ ಮಾಡಲೇ?

• ಅಪ್ಪ ಹೋದ ಕೊರಗು ಎಂದು ನೀವೇ ತೀರ್ಮಾನಿಸಿಬಿಟ್ಟಂತಿದೆ. ಇರಬಹುದು. ಆದರೆ ವರ್ಷಗಟ್ಟಲೆ ಹಳ್ಳಿಗಳಲ್ಲಿ ದಾದಿಯಾಗಿದ್ದ ನನಗೆ ಮೊದಲು ಹೊಳೆಯುವ ಪ್ರಶ್ನೆ ಬೇರೆ. ಕೆಮ್ಮಿದಾಗ, ಕೊಡ ಎತ್ತಿದಾಗ ಅವರಿಗೆ ಮೂತ್ರ ಸೋರುತ್ತದೆಯೇ? ಕೆಳಗೆ ಏನೋ ಜಾರಿದಂತೆ ಅನಿಸುತ್ತದೆಯೇ? ಹಲವು ಹೆರಿಗೆ, ಜೀವಮಾನವಿಡೀ ಹೊತ್ತ ಭಾರ, ಮುಟ್ಟು ನಿಂತ ಮೇಲೆ ತಗ್ಗುವ ಈಸ್ಟ್ರೋಜನ್ ಎಂಬ ಹಾರ್ಮೋನು ಎಲ್ಲವೂ ಸೇರಿ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಸಡಿಲಗೊಳಿಸುತ್ತವೆ. ಸೀರೆ ಒದ್ದೆಯಾದೀತೆಂದು ಹೆಂಗಸರು ಹೊರಗೆ ಹೋಗುವುದನ್ನು ನಿಲ್ಲಿಸುತ್ತಾರೆ, ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಅದರಿಂದ ಮಲಬದ್ಧತೆ, ತಿಣುಕುವುದರಿಂದ ಸ್ನಾಯು ಇನ್ನಷ್ಟು ಸಡಿಲ.

ನೇರವಾಗಿ ಕೇಳಿದರೆ ‘ಏನೂ ಇಲ್ಲ’ ಎನ್ನುತ್ತಾರೆ. ನಿಮಗೆ ಹೆರಿಗೆಯ ನಂತರ ಹೀಗೇನಾದರೂ ಆಗಿದ್ದರೆ ಅದನ್ನು ಮೊದಲು ಹೇಳಿ. ಮಾತು ತಾನಾಗಿ ಬರುತ್ತದೆ. ಅರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ವಿವರಿಸಿದ, ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಸರಿಯಾಗಿ ಕಲಿತು ಮೂರು ತಿಂಗಳಾದರೂ ಮಾಡಿದರೆ ಹಲವರಿಗೆ ಗುಣ ಕಾಣುತ್ತದೆ. ಗರ್ಭಕೋಶ ಜಾರಿದ್ದರೆ ಅದನ್ನು ಎತ್ತಿಹಿಡಿಯಲು ಒಳಗಿಡುವ ಉಂಗುರವಿದೆ, ಎಲ್ಲರಿಗೂ ಶಸ್ತ್ರಚಿಕಿತ್ಸೆಯೇ ಬೇಕೆಂದಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದರೆ ಮಾತ್ರ ಕಾಯಬೇಡಿ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.
— ನಿವೃತ್ತ ದಾದಿ

• ಕಿವಿಯನ್ನೂ ಪರೀಕ್ಷಿಸಿ. ನಮ್ಮ ಅತ್ತೆ ಜನರನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದರು. ಅಹಂಕಾರ ಎಂದುಕೊಂಡೆವು, ಪಾಪ. ಅರ್ಧ ಕೇಳಿಸದೆ ಏನೋ ಉತ್ತರ ಕೊಟ್ಟು ನಗೆಪಾಟಲಾಗುವ ಭಯ ಅವರಿಗೆ.
— ಒಬ್ಬ ಸೊಸೆ

• ಒಂದು ಒರಟು ಪ್ರಶ್ನೆ. ನಿಮ್ಮ ತಂದೆಯವರ ನಂತರ ಜಮೀನು ಯಾರ ಹೆಸರಿಗೆ ಬಂದಿದೆ? ಬ್ಯಾಂಕ್ ಪಾಸ್‌ಬುಕ್ ಯಾರ ಕೈಯಲ್ಲಿದೆ? ಅರವತ್ತು ದಾಟಿದ ಆರು ಜನರಲ್ಲಿ ಒಬ್ಬರು ವರ್ಷದಲ್ಲಿ ಒಮ್ಮೆಯಾದರೂ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಣ ಕಿತ್ತುಕೊಳ್ಳುವುದೂ ಅದರಲ್ಲಿ ಸೇರಿದೆ. ಹೆದರಿಸುವವರು ಯಾರಾದರೂ ಇದ್ದಾರೆಯೇ ಎಂದು ಅಮ್ಮ ಒಬ್ಬರೇ ಇರುವಾಗ ವಿಚಾರಿಸಿ.
— ವಕೀಲೆ

• ನನಗೆ ನಿನ್ನ ಅಮ್ಮನಿಗಿಂತ ಮೂರು ವರ್ಷ ಹೆಚ್ಚು, ಮಗಳೇ. ಬಲವಂತ ಬೇಡ. ನಗರದಲ್ಲಿ ಮಗನ ಮನೆಯಲ್ಲಿ ಎಂಟು ತಿಂಗಳು ಇದ್ದು ವಾಪಸು ಬಂದವಳು ನಾನು. ಯಾರೂ ಕಷ್ಟ ಕೊಡಲಿಲ್ಲ. ಒಲೆ ಹಚ್ಚಲು ಸಹ ಸೊಸೆಯ ಮುಖ ನೋಡಬೇಕಾಗಿತ್ತು, ಅಷ್ಟೇ. ದಾದಿಯವರು ಬರೆದದ್ದು ನಿಜ. ಮದುವೆಗೆ ಹೋದರೆ ನಾನು ಮೊದಲು ಹುಡುಕುವುದು ಮದುಮಗಳನ್ನಲ್ಲ, ಶೌಚಾಲಯವನ್ನು. ಮುಂದಿನ ಮದುವೆಗೆ ನೀನೇ ಬಂದು ಅಮ್ಮನನ್ನು ಕರೆದುಕೊಂಡು ಹೋಗು. ಶೌಚಾಲಯಕ್ಕೆ ಹತ್ತಿರದ ಕುರ್ಚಿಯಲ್ಲಿ ಕೂರಿಸು. ಯಾಕೆ ಅಲ್ಲಿ ಎಂದು ಯಾರಾದರೂ ಕೇಳಿದರೆ, ಅಲ್ಲಿ ಗಾಳಿ ಚೆನ್ನಾಗಿದೆ ಎನ್ನು.
— ಎಪ್ಪತ್ತನಾಲ್ಕರ ಓದುಗಿ