ಓಣಿ ಗ್ರೂಪಿನ್ಯಾಗ ದ್ವೇಷದ ಮೆಸೇಜ್: ತೆಗೀಬೇಕಾ, ಬಿಡಬೇಕಾ?

ಸಿಂಧನೂರಿನ ಓದುಗರ ಪ್ರಶ್ನೆ: ನಮ್ಮ ಓಣಿ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. ಒಬ್ರು ದಿನಾ ಒಂದು ಸಮುದಾಯದ ಮ್ಯಾಲೆ ಕೆಟ್ಟ ಮೆಸೇಜ್ ಹಾಕ್ತಾರ. ತೆಗದ್ರ ವಾಕ್ ಸ್ವಾತಂತ್ರ್ಯ ಕಸಗೊಂಡ್ರಿ ಅಂತ ಜಗಳಕ್ಕ ಬರ್ತಾರ, ಬಿಟ್ರ ಆ ಮಂದಿ ಮುಖ ಹೆಂಗ ನೋಡ್ಲಿ?

ಲಿಂಗಸುಗೂರಿಂದ:
ಅಣ್ಣಾರ, ನೀವು ಯಾರ ಸ್ವಾತಂತ್ರ್ಯನೂ ಕಸಗೊಂಡಿಲ್ಲ. ವಾಕ್ ಸ್ವಾತಂತ್ರ್ಯ ಕೊಡೋ ಸಂವಿಧಾನದ 19(1)(ಎ) ವಿಧಿ ಇರೋದು ಮುಖ್ಯವಾಗಿ ಸರ್ಕಾರ ನಮ್ಮ ಬಾಯಿ ಕಟ್ಟಬಾರ್ದು ಅಂತ, ನಿಮ್ಮ ಗ್ರೂಪಿನ್ಯಾಗ ಬೇಕಾದ್ದು ಹಾಕಾಕ ಅಲ್ಲ. ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕ ಪ್ರಚೋದನೆ ಅಂತ ಅದಕ್ಕ 19(2)ರಾಗ ಮಿತಿನೂ ಅದ. ಹಂಗಂತ ನಿಮಗ ಸಿಟ್ಟು ಬಂದ ಮೆಸೇಜೆಲ್ಲಾ ತೆಗೀಬ್ಯಾಡ್ರಿ ಮತ್ತ. ಐಟಿ ಕಾಯ್ದೆದ 66ಎ ಕಲಂ ಇತ್ತಲ್ಲ, ಯಾರಿಗೋ ಕಿರಿಕಿರಿ ಆತು ಅಂದ್ರೂ ಕೇಸ್ ಹಾಕೋ ಹಂಗಿತ್ತು, 2015ರಾಗ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು, ವಾದ ಮಾಡೋದು ಬ್ಯಾರೆ ಪ್ರಚೋದನೆ ಕೊಡೋದು ಬ್ಯಾರೆ ಅಂತ ಆಗ್ಲೇ ಹೇಳ್ಯಾದ. ಎಡದಂಡೆ ಕಾಲುವಿ ನೀರು ಕೊನೆಭಾಗಕ್ಕ ಬರ್ಲಿಲ್ಲ ಅಂತ ಎಂಎಲ್ಎನ, ಅಧಿಕಾರಿಗಳ್ನ ಬೈಲಿ, ಯಾವುದೋ ಧರ್ಮದ ಪದ್ಧತಿ ತಪ್ಪು ಅಂತ ವಾದ ಮಾಡ್ಲಿ, ಇರ್ಲಿ ಬಿಡ್ರಿ. ಆದ್ರ ‘ಅವ್ರ ಅಂಗಡ್ಯಾಗ ಏನೂ ತಗೋಬ್ಯಾಡ್ರಿ, ಅವ್ರನ್ನ ಓಣಿ ಬಿಡಿಸ್ರಿ’ ಅಂತ ಬಂತಂದ್ರ ಅದು ಅಭಿಪ್ರಾಯ ಅಲ್ಲ, ಬೆದರಿಕೆ. ಮುದಗಲ್ಲಿನ ಮೊಹರಂಗೆ ಹಿಂದೂ ಮುಸ್ಲಿಂ ಎಲ್ಲಾರೂ ಕೂಡಿ ಬರೋ ಸೀಮಿ ನಮ್ದು, ಇಂಥವು ನೋಡಿದ್ರ ಎದಿ ಉರೀತದ.

ಗಂಗಾವತಿಯಿಂದ:
ಹಾಕೋ ಮನಷ್ಯಾನ ಹಕ್ಕಿನ ಬಗ್ಗೆನೇ ಎಲ್ಲಾರೂ ಮಾತಾಡ್ತೀರಿ. ನೋವಾದೋರು ಜಗಳಾಡಂಗಿಲ್ರಿ, ಸುಮ್ನ ಗ್ರೂಪ್ ಬಿಟ್ಟು ಹೋಗ್ತಾರ, ಆಮ್ಯಾಲೆ ಓಣ್ಯಾಗೂ ಮಾತು ಕಮ್ಮಿ ಆಗ್ತಾವ. ಅವ್ರಿಗೂ ಮಾತಾಡೋ ಹಕ್ಕು ಐತಿಲ್ಲೋ? ಯಾರ್ಯಾರು ಬಿಟ್ಟು ಹೋಗ್ಯಾರ ನೋಡ್ರಿ, ಮೊದ್ಲು ಅವ್ರಿಗೆ ಫೋನ್ ಹಚ್ರಿ.

ಬಳ್ಳಾರಿಯಿಂದ:
ನಂಬರು ತಾರೀಕು ಕಾಣೋ ಹಂಗೆ ಸ್ಕ್ರೀನ್‌ಶಾಟ್ ತಗಂಡು ಇಟ್ಕಳ್ರಿ, ಆಮೇಲೆ ಡಿಲೀಟ್ ಮಾಡ್ರಿ, ಯಾರು ಹಾಕಿದ್ರೂ ಎಲ್ರ ಫೋನಿಂದ ತೆಗೆಯೋ ಆಪ್ಷನ್ ಅಡ್ಮಿನ್‌ಗೆ ಐತೆ. ಯಾಕೆ ತೆಗ್ದೆ ಅಂತ ಅಲ್ಲೇ ಒಂದು ಸಾಲು ಬರೀರಿ, ಕದ್ದು ತೆಗೀಬೇಡ್ರಿ. ಬೇರೆಯವ್ರ ಮೆಸೇಜಿಗೆ ಬರೀ ಅಡ್ಮಿನ್ ಅನ್ನೋ ಕಾರಣಕ್ಕೆ ಹೊಣೆ ಮಾಡಂಗಿಲ್ಲ ಅಂತ ಬಾಂಬೆ ಹೈಕೋರ್ಟು 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳ್ಯಾವೆ, ಭಯ ಬೇಡ. ಹೊಡೀರಿ ಬಡೀರಿ ಅನ್ನೋ ಮಟ್ಟಕ್ಕೆ ಹೋತಂದ್ರೆ ಸೀದಾ ಪೊಲೀಸ್ ಠಾಣೆಗೆ ಕೊಡ್ರಿ, ಧರ್ಮ, ಜಾತಿ ಮಧ್ಯೆ ದ್ವೇಷ ಹಚ್ಚೋದಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂನಲ್ಲಿ 3 ವರ್ಷದ ತನಕ ಜೈಲು ಐತೆ. ಅಲ್ಲಿ ತನಕ ಹೋಗಿಲ್ಲ ಅಂದ್ರೆ ಒಂದ್ಸಲ ಆ ಮನುಷ್ಯನ್ನ ಚಾಕ್ಕೆ ಕರೀರಿ, ನೀವಿಬ್ರೇ ಕುಂತು ಮಾತಾಡ್ರಿ, ಗ್ರೂಪಲ್ಲಿ ಎಲ್ರ ಮುಂದೆ ಕೇಳಿದ್ರೆ ಹಠಕ್ಕೆ ಬೀಳ್ತಾರೆ.