ಜಪಾನಿನ ರೈಲು, ಬಸ್ಸು, ಸ್ನಾನದ ಮನೆ: ಯಾರೂ ಬಾಯಿಬಿಟ್ಟು ಹೇಳದ ನಿಯಮಗಳು ಯಾವುವು?

ಕಾಫಿಪುಡಿ: ಅಪ್ಪ, ಅಮ್ಮನ ಜೊತೆ ಟೋಕಿಯೊ, ಕ್ಯೋಟೊ, ಒಸಾಕಾಗೆ ಹೊರಟಿದ್ದೀವಿ. ದೊಡ್ಡ ಸೂಟ್‌ಕೇಸ್ ಎರಡಿವೆ. ಅಲ್ಲಿ ತಪ್ಪು ಮಾಡಿದರೂ ಯಾರೂ ತಿದ್ದೋದಿಲ್ಲವಂತೆ. ‘ಶಿಸ್ತಾಗಿರಿ’ ಅನ್ನೋ ಉಪದೇಶ ಬೇಡ, ಏನು ಮಾಡಬೇಕು ಅಷ್ಟು ಹೇಳಿ.

ಹಳಿಮೇಲೆ: ಪ್ಲಾಟ್‌ಫಾರ್ಮ್ ನೆಲದಲ್ಲಿ ಗುರುತು ಹಾಕಿರುತ್ತಾರೆ, ಸಾಲು ಅಲ್ಲಿಂದ. ಬಾಗಿಲು ತೆರೆದಾಗ ಪಕ್ಕಕ್ಕೆ ಸರಿದು ಇಳಿಯೋರಿಗೆ ನಡುವೆ ದಾರಿ ಬಿಡಿ. ರಶ್‌ನಲ್ಲಿ ನೀವು ಬಾಗಿಲ ಹತ್ತಿರ ಇದ್ದರೆ, ನಿಮ್ಮ ಸ್ಟೇಷನ್ ಅಲ್ಲದಿದ್ದರೂ ಕೆಳಗಿಳಿದು ಪಕ್ಕದಲ್ಲಿ ನಿಂತು ಮತ್ತೆ ಹತ್ತಬೇಕು. ಒಳಗೇ ಕಂಬದಂತೆ ನಿಂತರೆ ಹಿಂದಿನವರಿಗೆಲ್ಲ ದಾರಿ ಕಟ್ಟುತ್ತೆ. ಬೆನ್ನಿನ ಬ್ಯಾಗ್ ಎದೆಗೆ ಬರಲಿ. ಫೋನ್ ಸೈಲೆಂಟ್, ಮಾತಾಡಲೇಬೇಕಿದ್ದರೆ ಇಳಿದು ಮಾತಾಡಿ. ತಿಂಡಿ ಶಿಂಕಾನ್ಸೆನ್‌ನಲ್ಲಿ (ಬುಲೆಟ್ ರೈಲು) ಪರವಾಗಿಲ್ಲ, ಲೋಕಲ್ ರೈಲಿನಲ್ಲಿ ಬೇಡ.

ಸೂಟ್‌ಕೇಸ್ ಅಳೆಯಿರಿ. ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂ.ಮೀ. ದಾಟುತ್ತಾ? ಟೋಕಿಯೊ–ಒಸಾಕಾ ಶಿಂಕಾನ್ಸೆನ್‌ನಲ್ಲಿ ದೊಡ್ಡ ಲಗೇಜಿನ ಜಾಗವಿರುವ ಸೀಟನ್ನೇ ಬುಕ್ ಮಾಡಬೇಕು. ಅದಕ್ಕೆ ಹೆಚ್ಚು ದುಡ್ಡಿಲ್ಲ. ಬುಕ್ ಮಾಡದೆ ಹತ್ತಿದರೆ 1000 ಯೆನ್.

ಎಸ್ಕಲೇಟರಲ್ಲಿ ನಡೆದು ಹೋಗೋರಿಗೆ ಒಂದು ಬದಿ ಬಿಟ್ಟು, ಟೋಕಿಯೊದವರು ಎಡಕ್ಕೆ ನಿಲ್ತಾರೆ, ಒಸಾಕಾದವರು ಬಲಕ್ಕೆ. ಆದರೆ ಟೋಕಿಯೊ ಪಕ್ಕದ ಸೈತಾಮದಲ್ಲಿ 2021ರಿಂದ, ನಾಗೋಯಾ ನಗರದಲ್ಲಿ 2023ರಿಂದ ನಡೆಯದೆ ನಿಂತೇ ಹೋಗಬೇಕು ಅನ್ನೋ ಸ್ಥಳೀಯ ಕಾನೂನೇ ಇದೆ.

ಚೀಲದವಳು: ಕಸದ ಬುಟ್ಟಿ ಹುಡುಕಬೇಡಿ. 1995ರಲ್ಲಿ ಟೋಕಿಯೊ ಮೆಟ್ರೊದಲ್ಲಿ ಸರಿನ್ ಅನ್ನೋ ವಿಷಾನಿಲದ ದಾಳಿ ಆದಮೇಲೆ ಸ್ಟೇಷನ್‌ಗಳಲ್ಲಿ ಎಷ್ಟೋ ಬುಟ್ಟಿ ತೆಗೆದುಬಿಟ್ಟರು. ಒಂದು ಕವರ್ ಇಟ್ಟುಕೊಂಡು ಕಸ ರೂಮಿಗೇ ತನ್ನಿ. ವೆಂಡಿಂಗ್ ಮಷಿನ್ ಪಕ್ಕದ ಡಬ್ಬ ಬಾಟಲಿ, ಕ್ಯಾನ್‌ಗೆ ಮಾತ್ರ. ಕ್ಯೋಟೊ ಸಿಟಿ ಬಸ್ಸು ಸಾಮಾನ್ಯವಾಗಿ ಹಿಂದೆ ಹತ್ತಿ ಮುಂದೆ ಇಳಿಯೋದು, ದುಡ್ಡು ಇಳಿಯುವಾಗ. ದುಡ್ಡು ಹಾಕೋ ಡಬ್ಬ ಚಿಲ್ಲರೆ ಕೊಡಲ್ಲ, ಬಸ್ಸು ನಿಂತಿರುವಾಗಲೇ ಬಸ್ಸೊಳಗಿನ ಮಷಿನ್‌ನಲ್ಲಿ ನೋಟು ಮುರಿಸಿಕೊಳ್ಳಿ.

ಕಾಫಿಪುಡಿ: ಥ್ಯಾಂಕ್ಸ್. ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆ, ಅಲ್ಲಿ ಹೇಗೆ? ಎಲ್ಲರೆದುರು ಬಟ್ಟೆ ತೆಗೆಯೋಕೆ ಅಮ್ಮ ಒಪ್ಪೋದಿಲ್ಲ.

ಬಿಸಿನೀರು: ಹಾಗಿದ್ದರೆ ಗಂಟೆ ಲೆಕ್ಕದಲ್ಲಿ ಸಿಗುವ ಖಾಸಗಿ ಸ್ನಾನದ ಕೋಣೆ ಕೇಳಿ, ‘ಕಶಿಕಿರಿ’ ಅಂದರೆ ಸಾಕು. ಹಚ್ಚೆ ಇದ್ದವರಿಗೂ ಅದೇ ಸಲೀಸು, ಎಷ್ಟೋ ಕಡೆ ಹಚ್ಚೆ ಕಂಡರೆ ಒಳಗೆ ಬಿಡೋದಿಲ್ಲ.

ಎಲ್ಲರ ಜೊತೆ ಹೋಗೋರಿಗೆ: ಸ್ವಿಮ್‌ಸೂಟ್ ನಡೆಯಲ್ಲ. ದೊಡ್ಡ ಟವೆಲ್ ಬಟ್ಟೆ ಬಿಚ್ಚೋ ಕೋಣೆಯಲ್ಲೇ ಇರಲಿ, ಚಿಕ್ಕದು ಮಾತ್ರ ಒಳಗೆ. ಮೊದಲು ಮೋಟು ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆಯಿರಿ, ನಮ್ಮ ಮಣೆ ಮೇಲಿನ ಸ್ನಾನದ ಹಾಗೇ. ನಿಂತು ಸ್ನಾನ ಮಾಡಿದರೆ ಪಕ್ಕದವರ ಮೇಲೆ ಹಾರುತ್ತೆ. ತೊಟ್ಟಿ ನೆನೆಯೋದಕ್ಕೆ, ತೊಳೆಯೋದಕ್ಕಲ್ಲ. ಒಂದೇ ನೀರಿಗೆ ಎಲ್ಲರೂ ಇಳಿಯೋದರಿಂದ ಸೋಪಿನ ನೊರೆ, ಕೂದಲು, ಟವೆಲ್ ಯಾವುದೂ ಅದಕ್ಕೆ ತಾಗಬಾರದು. ಉದ್ದ ಕೂದಲು ಮೇಲೆ ಕಟ್ಟಿ, ಟವೆಲ್ ತಲೆ ಮೇಲಿಡಿ.

ಹೊರಗಿನವರು ಹೆಚ್ಚಾಗಿ ಮರೆಯೋದು ಕೊನೇ ಹೆಜ್ಜೆ: ಚಿಕ್ಕ ಟವೆಲ್ ಹಿಂಡಿ ಮೈ ಒರೆಸಿಕೊಂಡೇ ಹೊರಬರಬೇಕು, ಇಲ್ಲದಿದ್ದರೆ ಬಟ್ಟೆ ಕೋಣೆಯ ನೆಲವೆಲ್ಲ ಒದ್ದೆ. ಇನ್ನೊಂದು, ಕೆಲವು ಹೋಟೆಲ್‌ಗಳಲ್ಲಿ ರಾತ್ರಿ ಗಂಡಸರದಾಗಿದ್ದ ಸ್ನಾನದ ಕೋಣೆ ಬೆಳಿಗ್ಗೆ ಹೆಂಗಸರದಾಗುತ್ತೆ. ಬಾಗಿಲ ಪರದೆ ಮೇಲಿನ ಬರಹ ಓದದೆ ನುಗ್ಗಬೇಡಿ ಅಂತ ಅಪ್ಪನಿಗೆ ಹೇಳಿಡಿ.