ಪದಚರ್ಚೆ: ಕಾಮನ್ ಲಿಸ್ಪ್‌ನ ‘ರೀಸ್ಟಾರ್ಟ್’ಗೆ ‘ಮರುಆರಂಭ’ ಹೊಂದುತ್ತದೆಯೇ?

ಮಾನ್ಯರೇ,

ಕಾಮನ್ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುವವರಿಗಾಗಿ, ಅದರ ಎಸ್‌ಬಿಸಿಎಲ್ ಕಂಪೈಲರ್ ಮತ್ತು ಈಮ್ಯಾಕ್ಸ್ ಎಡಿಟರ್‌ನಲ್ಲಿ ಲಿಸ್ಪ್ ಬರೆಯಲು ನೆರವಾಗುವ ಸ್ಲೈಮ್ ಎಂಬ ಸಲಕರಣೆಯ ಬಳಕೆಯ ಬಗ್ಗೆ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ರೀಸ್ಟಾರ್ಟ್’ ಎಂಬ ಪಾರಿಭಾಷಿಕ ಪದಕ್ಕೆ ತಕ್ಕ ಕನ್ನಡ ರೂಪ ಯಾವುದೆಂದು ಬಲ್ಲವರನ್ನು ಕೇಳಬೇಕಾಗಿದೆ.

ಗಣಕಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವುದಕ್ಕೆ ‘ಮರುಆರಂಭ’ ಸರಿಯಾದ ಪದವೇ. ಆದರೆ ಲಿಸ್ಪ್‌ನಲ್ಲಿ ಅರ್ಥ ಹೆಚ್ಚುಕಡಿಮೆ ತದ್ವಿರುದ್ಧವಾಗಿದೆ. ಬಹುತೇಕ ಭಾಷೆಗಳಲ್ಲಿ ದೋಷ ಕಂಡೊಡನೆ ಒಂದರೊಳಗೊಂದು ನಡೆಯುತ್ತಿದ್ದ ಫಂಕ್ಷನ್ ಕರೆಗಳೆಲ್ಲ ಕಳಚಿಕೊಂಡು, ಅಲ್ಲಿಯವರೆಗಿನ ಲೆಕ್ಕ ಕೈಬಿಟ್ಟುಹೋಗುತ್ತದೆ. 1994ರ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಮಾನಕದ ಕಾಮನ್ ಲಿಸ್ಪ್‌ನಲ್ಲಾದರೋ ಆ ಕಳಚುವಿಕೆಗೆ ಮೊದಲೇ, ದೋಷವನ್ನು ಪರಿಶೀಲಿಸುವ ಡಿಬಗರ್ ತೆರೆದುಕೊಂಡು, ಮುಂದೇನು ಮಾಡಬೇಕೆಂದು ನಮ್ಮನ್ನೇ ಕೇಳುತ್ತದೆ. ಉದಾಹರಣೆಗೆ, ‘ದರ’ ಎಂಬ ಚರಕ್ಕೆ ಮೌಲ್ಯವೇ ಇಲ್ಲದಿದ್ದರೆ ಎಸ್‌ಬಿಸಿಎಲ್ ನಾಲ್ಕು ಆಯ್ಕೆಗಳನ್ನು ಮುಂದಿಡುತ್ತದೆ: ಮತ್ತೆ ಪ್ರಯತ್ನಿಸು, ಈ ಸಲಕ್ಕೆ ಮಾತ್ರ ಬೇರೊಂದು ಮೌಲ್ಯ ಬಳಸು, ಆ ಮೌಲ್ಯವನ್ನು ಚರದಲ್ಲೇ ಇರಿಸಿ ಬಳಸು, ಕೆಲಸ ಕೈಬಿಡು. ಎಡಿಟರ್‌ನಲ್ಲಿ ‘ದರ’ಕ್ಕೆ ಮೌಲ್ಯ ಕೊಟ್ಟು ಮೊದಲನೆಯದನ್ನು ಆರಿಸಿದರೆ, ಗಂಟೆಗಟ್ಟಲೆ ನಡೆದ ಲೆಕ್ಕವೂ ನಿಂತಲ್ಲಿಂದಲೇ ಮುಂದೆ ಸಾಗುತ್ತದೆ. ಬಳಸುವವರು ಕಡಿಮೆಯಿರುವ ಈ ಭಾಷೆಯಲ್ಲಿ ಕೆಲಸ ಬೇಗ ಸಾಗುವುದಕ್ಕೆ ಇದೊಂದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಈ ಆಯ್ಕೆಗಳಲ್ಲಿ ಒಂದೊಂದೂ ಒಂದು ರೀಸ್ಟಾರ್ಟ್. ‘ಮರುಆರಂಭ’ ಎಂದು ಓದಿದ ವಿದ್ಯಾರ್ಥಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆಂದು ಹೆದರಿ ಡಿಬಗರನ್ನು ಮುಚ್ಚಿಬಿಟ್ಟರೆ ಆಶ್ಚರ್ಯವಿಲ್ಲ.

‘ಮುಂದುವರಿಕೆ’ಯನ್ನೂ ಯೋಚಿಸಿದೆ. ಆದರೆ ಕೆಲಸ ಕೈಬಿಡುವ ‘ಅಬಾರ್ಟ್’ ಕೂಡ ಒಂದು ರೀಸ್ಟಾರ್ಟ್ ಆಗಿರುವುದರಿಂದ ಅದು ಪೂರ್ತಿ ಹೊಂದುವುದಿಲ್ಲ. ಜೊತೆಗೆ ಸ್ಕೀಮ್ ಭಾಷೆಯ ‘ಕಂಟಿನ್ಯುಯೇಷನ್’ಗೆ (ಲೆಕ್ಕದಲ್ಲಿ ಇನ್ನು ಮುಂದೆ ನಡೆಯಬೇಕಾದ ಭಾಗಕ್ಕೆ) ಆ ಪದವನ್ನು ಮೀಸಲಿಡುವುದೇ ಒಳಿತು. ‘ಪರಿಹಾರ’ ಎಂದರೆ ದೋಷವೇ ನೀಗಿತೆಂಬ ಭಾವನೆ ಬರುತ್ತದೆ, ವಾಸ್ತವದಲ್ಲಿ ದೋಷ ಹಾಗೆಯೇ ಉಳಿದಿರಬಹುದು.

ಸದ್ಯಕ್ಕೆ ನನ್ನ ಒಲವು ‘ಪಾರುದಾರಿ’ಯ ಕಡೆಗಿದೆ. ಸಿಕ್ಕಿಕೊಂಡ ಜಾಗದಿಂದ ಮುಂದಕ್ಕೋ ಹೊರಕ್ಕೋ ಹೋಗುವ ಹಾದಿ ಎಂಬ ಎರಡೂ ಅರ್ಥಗಳಿಗೆ ಅದರಲ್ಲಿ ಎಡೆಯಿದೆ. ಈ ಸಮಾಸ ಕಿವಿಗೆ ಸಹಜವಾಗಿ ಕೇಳಿಸುತ್ತದೆಯೇ, ‘ತಪ್ಪಿಸಿಕೊಳ್ಳುವುದು’ ಎಂಬ ಛಾಯೆ ಅತಿಯಾಗುತ್ತದೆಯೇ, ಅಥವಾ ತೆರೆಯ ಮೇಲೆ ಇಂಗ್ಲಿಷ್ ಪದವೇ ಕಾಣಿಸುವುದರಿಂದ ‘ರೀಸ್ಟಾರ್ಟ್’ ಎಂದೇ ಉಳಿಸಿಕೊಳ್ಳುವುದು ಮೇಲೋ ಎಂಬುದನ್ನು ದಯವಿಟ್ಟು ತಿಳಿಸಿ. ನಿಮ್ಮ ಊರಿನ ಮಾತಿನಲ್ಲಿ ಇದಕ್ಕಿಂತ ಒಪ್ಪುವ ಪದವಿದ್ದರೆ ಅದನ್ನು ಸಂತೋಷದಿಂದ ಸ್ವೀಕರಿಸುತ್ತೇನೆ.

ವಂದನೆಗಳೊಂದಿಗೆ